ಪೂರ್ವಪಕ್ಷವಿಲ್ಲದ ಚರಿತ್ರೆ: ವಿಜಯನಗರದ ಉಗಮವಾದವೂ ಪ್ರೌಢವ್ಯಾಸಂಗದ ಸಿದ್ಧತೆಯೂ

ಚರಿತ್ರೆಯನ್ನು ಪ್ರೌಢಶಾಲೆಯಲ್ಲಿ ಓದುವ ಬಗೆಯೊಂದು. ವಿಶ್ವವಿದ್ಯಾನಿಲಯದಲ್ಲಿ ಓದುವ ಬಗೆ ಮತ್ತೊಂದು. ಮೊದಲನೆಯ ಎಡೆಯಲ್ಲಿ ವಿದ್ಯಾರ್ಥಿಗೆ ನಿರ್ಣಯವು ದೊರೆತರೆ ಸಾಕು. ಎರಡನೆಯ ಎಡೆಯಲ್ಲಿ ಆ ನಿರ್ಣಯವನ್ನು ಯಾರು, ಯಾವಾಗ, ಯಾವ ಆಧಾರದಿಂದ ಮಾಡಿದರು, ಅದನ್ನು ಒಪ್ಪದವರು ಯಾರು, ಏಕೆ ಒಪ್ಪಲಿಲ್ಲ ಎಂಬುದೆಲ್ಲವೂ ಬೇಕಾಗುವುದು. ಈ ವ್ಯತ್ಯಾಸವನ್ನು ಮೊದಲೇ ಅರಿಯದೆ ಬಿ. ಎ., ಎಂ. ಎ. ತರಗತಿಗಳನ್ನು ಸೇರುವ ತರುಣರು ಎರಡು ಬಗೆಯ ಅನರ್ಥಕ್ಕೆ ಗುರಿಯಾಗುವರು. ಬಾಲ್ಯದಲ್ಲಿ ಕಂಠಪಾಠ ಮಾಡಿದ ವಾಕ್ಯವನ್ನು ಯಾರೋ ಒಬ್ಬ ವಿದ್ವಾಂಸನು ಖಂಡಿಸಿರುವನೆಂದು ಕೇಳಿದೊಡನೆ ಕೆಲವರು ಕೆರಳಿ, ಆ ವಿದ್ವಾಂಸನ ಕುಲಗೋತ್ರಗಳನ್ನು ಜಾಲಾಡತೊಡಗುವರು. ಮತ್ತೆ ಕೆಲವರು, ಹಾಗಾದರೆ ಕಲಿತುದೆಲ್ಲವೂ ಸುಳ್ಳಾಗಿರಬೇಕೆಂದು ಬಗೆದು, ಇನ್ನು ಯಾವ ಮಾತನ್ನೂ ನಂಬದ ಉದಾಸೀನರಾಗುವರು. ಮೊದಲಿನವರಿಗೆ ಶ್ರದ್ಧೆಯುಂಟು, ಪರೀಕ್ಷೆಯಿಲ್ಲ. ಎರಡನೆಯವರಿಗೆ ಸಂಶಯವುಂಟು, ನಿರ್ಣಯವಿಲ್ಲ. ಚರಿತ್ರಶಾಸ್ತ್ರಕ್ಕೆ ಇಬ್ಬರೂ ಹೊರಗಿನವರೇ.

ಈ ಕಷ್ಟಕ್ಕೆ ಪರಿಹಾರವು ಭಾರತೀಯ ಶಾಸ್ತ್ರಪದ್ಧತಿಗೆ ಹೊಸದಲ್ಲ. ಮೀಮಾಂಸಕರು ಯಾವುದೊಂದು ವಿಚಾರವನ್ನು ಕೈಗೆತ್ತಿಕೊಂಡರೂ ಅದಕ್ಕೆ ಅಧಿಕರಣವೆಂದು ಹೆಸರಿಟ್ಟು ಐದು ಅಂಗಗಳನ್ನು ವಿಧಿಸಿದರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಸಂಶಯವಿಲ್ಲದ ಕಡೆ ವಿಚಾರವೇ ಹುಟ್ಟದು. ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತವನ್ನು ಹೇಳುವುದು ಸಭೆಯಲ್ಲಿ ಸಲ್ಲದು. ಅಷ್ಟೇ ಅಲ್ಲ, ಪೂರ್ವಪಕ್ಷವನ್ನು ಅದರ ವಾದಿಯೇ ಮೆಚ್ಚುವಷ್ಟು ಬಲವಾಗಿ ನಿಲ್ಲಿಸಿ ಅನಂತರ ಉತ್ತರವನ್ನು ಹೇಳುವವನೇ ಪಂಡಿತನೆನಿಸುವನು. ಚರಿತ್ರೆಯ ಪ್ರೌಢವ್ಯಾಸಂಗಕ್ಕೆ ಸಿದ್ಧನಾಗುವ ವಿದ್ಯಾರ್ಥಿಯು ಮಾಡಬೇಕಾದ ಕೆಲಸವೂ ಇದೇ. ಹೆಚ್ಚು ಇಸವಿಗಳನ್ನು ಕಲಿಯುವುದಕ್ಕಿಂತ ಒಂದೇ ಒಂದು ವಾದವನ್ನು ಮೊದಲಿನಿಂದ ಕಡೆಯವರೆಗೆ ಅಧಿಕರಣರೀತಿಯಿಂದ ಓದುವುದು ಆತನಿಗೆ ಮೇಲಾದ ಸಿದ್ಧತೆ. ಇದಕ್ಕೆ ಕನ್ನಡಿಗರ ಮನೆಯಲ್ಲಿಯೇ ಒಂದು ನಿದರ್ಶನವುಂಟು. ಅದು ವಿಜಯನಗರದ ಉಗಮವಾದ.

ಕಥೆಯು ಎಲ್ಲರಿಗೂ ತಿಳಿದುದೇ. ಹರಿಹರಬುಕ್ಕರು ತುಂಗಭದ್ರೆಯ ದಡದಲ್ಲಿ ಬೇಟೆಯಾಡುತ್ತಿರಲು ಮೊಲವೊಂದು ನಾಯಿಗಳನ್ನೇ ಅಟ್ಟಿತು. ವಿದ್ಯಾರಣ್ಯರು ಆ ನೆಲದ ಮಹಿಮೆಯನ್ನು ತಿಳಿಸಿ, ೧೩೩೬ರಲ್ಲಿ ಪಟ್ಟಣವನ್ನು ಕಟ್ಟಿಸಿ ರಾಜ್ಯವನ್ನು ಸ್ಥಾಪಿಸಿದರು. ಇದು ವಿಷಯ. ಸಂಶಯಗಳು ಮೂರು. ಸಂಗಮನ ಮಕ್ಕಳು ಎಲ್ಲಿಂದ ಬಂದವರು, ಓರುಗಲ್ಲಿನ ಕಾಕತೀಯರ ಸೇವೆಯಿಂದಲೋ ದ್ವಾರಸಮುದ್ರದ ಹೊಯ್ಸಳರ ಸೇವೆಯಿಂದಲೋ? ಪಟ್ಟಣದ ಅಡಿಗಲ್ಲನ್ನಿಟ್ಟವರು ಅವರೋ, ಹೊಯ್ಸಳ ಮೂರನೆಯ ಬಲ್ಲಾಳನೋ? ವಿದ್ಯಾರಣ್ಯರ ಪಾತ್ರವು ಸ್ಥಾಪಕನದೋ, ಅನಂತರದ ಗುರುವಿನದೋ?

ಪಕ್ಷಗಳನ್ನು ನೋಡುವುದಕ್ಕೆ ಮೊದಲು ಸಾಕ್ಷಿಗಳನ್ನು ಕಾಲಕ್ರಮದಲ್ಲಿ ನಿಲ್ಲಿಸಿಕೊಳ್ಳುವುದು ಅವಶ್ಯಕ. ೧೩೪೦ರ ಬಾದಾಮಿಯ ಶಾಸನವು ಹರಿಹರನನ್ನು ಮಹಾಮಂಡಲೇಶ್ವರನೆಂದು ಕರೆಯುವುದು. ೧೩೪೬ರ ಶೃಂಗೇರಿಯ ಶಾಸನವು, ಹರಿಹರನೂ ಆತನ ತಮ್ಮಂದಿರೂ ದಿಗ್ವಿಜಯದ ಉತ್ಸವವನ್ನಾಚರಿಸಿ ಭಾರತೀತೀರ್ಥ ಶ್ರೀಪಾದರಿಗೂ ಅವರ ಪರಿವಾರಕ್ಕೂ ಭೂದಾನ ಮಾಡಿದುದನ್ನು ತಿಳಿಸುವುದು. ದಿಲ್ಲಿಯ ಕಡೆಯ ಬರಹಗಾರರಲ್ಲಿ ಇಸಾಮಿಯು ೧೩೫೦ರಲ್ಲಿಯೂ ಬರನಿಯು ಅದಾದ ಕೆಲವು ವರ್ಷಗಳಲ್ಲಿಯೂ ಗ್ರಂಥಗಳನ್ನು ಮುಗಿಸಿದರು; ಅದೇ ಕಾಲದ ಪ್ರವಾಸಿ ಇಬ್ನ್ ಬತೂತನು ಕಂಪಿಲಿಯ ಪತನವನ್ನು ವರ್ಣಿಸಿರುವನು. ಪೋರ್ಚುಗೀಸ್ ನೂನಿಜನು ತನ್ನ ವೃತ್ತಾಂತವನ್ನು ಬರೆದುದು ಸುಮಾರು ೧೫೩೫ರಲ್ಲಿ, ಎಂದರೆ ಇನ್ನೂರು ವರ್ಷಗಳ ಮೇಲೆ. ವಿದ್ಯಾರಣ್ಯರ ಕಾಲಜ್ಞಾನ, ರಾಜಕಾಲನಿರ್ಣಯ ಮೊದಲಾದ ಸಂಸ್ಕೃತ ಗ್ರಂಥಗಳ ಈಗಿನ ರೂಪವೂ ಬಹುಮಟ್ಟಿಗೆ ಆ ಕಾಲದ್ದೆಂದು ಎಣಿಸಲ್ಪಟ್ಟಿರುವುದು. ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಸ್ತನು ೧೭ನೆಯ ಶತಮಾನದ ಆದಿಭಾಗದವನು. ೧೩೩೬ರ ಕಾಲವನ್ನು ಹೇಳಿಕೊಳ್ಳುವ ಬಾಗೇಪಲ್ಲಿ, ಕಾಪಲೂರುಗಳ ತಾಮ್ರಪಟಗಳನ್ನು ಅನೇಕ ವಿದ್ವಾಂಸರು ಕೂಟಶಾಸನಗಳೆಂದು ಶಂಕಿಸಿರುವರು. ಈ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದುಕೊಂಡ ವಿದ್ಯಾರ್ಥಿಗೆ ವಾದದ ಅರ್ಧಭಾಗವು ಆಗಲೇ ತಿಳಿದಂತೆ; ಸಮಕಾಲೀನ ಸಾಕ್ಷಿಯು ಎಷ್ಟು ಕಡಮೆ, ಉತ್ತರಕಾಲೀನ ಸಾಕ್ಷಿಯು ಎಷ್ಟು ಹೆಚ್ಚು ಎಂಬುದು ಅದರಿಂದಲೇ ಸ್ಪಷ್ಟವಾಗುವುದು.

ಇನ್ನು ವಾದಿಗಳು. ಮದರಾಸು ಸಿವಿಲ್ ಸರ್ವಿಸಿನ ರಾಬರ್ಟ್ ಸೂಯೆಲ್ ಸಾಹೇಬರು ೧೯೦೦ರಲ್ಲಿ ‘ಮರೆತುಹೋದ ಸಾಮ್ರಾಜ್ಯ’ವೆಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಪಾಯೆಸ್, ನೂನಿಜರ ಪೋರ್ಚುಗೀಸ್ ವೃತ್ತಾಂತಗಳನ್ನು ಇಂಗ್ಲಿಷಿನಲ್ಲಿ ಓದುವಂತೆ ಮಾಡಿದುದು ಆ ಗ್ರಂಥದ ಅಳಿಯದ ಉಪಕಾರ. ಉಗಮದ ವಿಷಯದಲ್ಲಿ ಅವರು ಅನೇಕ ಐತಿಹ್ಯಗಳನ್ನು ಪಟ್ಟಿಮಾಡಿ ತೂಗಿದುದೂ ಪ್ರಶಂಸನೀಯವೇ. ಆದರೆ ಇಡೀ ರಾಜ್ಯವನ್ನು ಮಹಮ್ಮದೀಯರ ಮುನ್ನಡೆಗೆ ಅಡ್ಡಗಟ್ಟಿದ ಒಂದು ಕೋಟೆಗೋಡೆಯೆಂಬಂತೆ ಕಂಡ ದೃಷ್ಟಿಯು ಅಲ್ಲಿಂದ ಹೊರಟು ಮುಂದಿನ ಐವತ್ತು ವರ್ಷಗಳ ಬರಹಗಳಲ್ಲಿ ಪರೀಕ್ಷೆಯಿಲ್ಲದೆ ಹರಿದುಬಂದಿತು. ೧೯೦೫ರಲ್ಲಿ ಬಿ. ಸೂರ್ಯನಾರಾಯಣರಾಯರು ತಮ್ಮ ಗ್ರಂಥಕ್ಕೆ ‘ಎಂದೂ ಮರೆಯಲಾಗದ ಸಾಮ್ರಾಜ್ಯ’ವೆಂಬರ್ಥದ ಹೆಸರಿಟ್ಟು ಶೀರ್ಷಿಕೆಯಲ್ಲಿಯೇ ಸೂಯೆಲರಿಗೆ ಉತ್ತರ ಕೊಟ್ಟರು. ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರು ೧೯೧೯ರಲ್ಲಿ ಮೂಲಸಾಮಗ್ರಿಗಳನ್ನು ಸಂಗ್ರಹಿಸಿ ಪ್ರಕಟಿಸಿ, ವಾದಕ್ಕೆ ಎಲ್ಲರೂ ನಿಲ್ಲಬಹುದಾದ ನೆಲವನ್ನು ಒದಗಿಸಿದರು. ಸಂಗಮವಂಶಕ್ಕೂ ಹೊಯ್ಸಳರಿಗೂ ಇದ್ದ ಸಂಬಂಧವನ್ನು ಎತ್ತಿಹಿಡಿದವರಲ್ಲಿ ಅವರೂ ಒಬ್ಬರು.

ವಾದಕ್ಕೆ ಕಾವೇರಿದುದು ೧೯೨೯ರಲ್ಲಿ. ಮುಂಬಯಿಯಲ್ಲಿ ಅಧ್ಯಾಪಕರಾಗಿದ್ದ ಸ್ಪೇನ್ ದೇಶದ ಜೆಸುಯಿಟ್ ಪಾದ್ರಿ ಹೆನ್ರಿ ಹೆರಾಸರು, ವಿದ್ಯಾರಣ್ಯರು ರಾಜ್ಯವನ್ನು ಸ್ಥಾಪಿಸಿದರೆಂಬ ಕಥೆಯು ಶೃಂಗೇರಿಯ ಯತಿಗಳಿಂದ ೧೬ನೆಯ ಶತಮಾನದಲ್ಲಿ ಕಲ್ಪಿತವಾದುದೆಂದೂ ಪಟ್ಟಣದ ಮೂಲವು ಮೂರನೆಯ ಬಲ್ಲಾಳನಲ್ಲಿರುವುದೆಂದೂ ವಾದಿಸಿದರು. ೧೯೩೩ರಲ್ಲಿ ಎನ್. ವೆಂಕಟರಮಣಯ್ಯನವರು ಓರುಗಲ್ಲಿನ ಪಕ್ಷವನ್ನು ಸವಿಸ್ತಾರವಾಗಿ ಮಂಡಿಸಿದರು. ೧೯೩೪ರಲ್ಲಿ ಬಿ. ಎ. ಸಾಲೆತೊರೆಯವರು ಎರಡು ಸಂಪುಟಗಳ ಗ್ರಂಥದಲ್ಲಿ ಕರ್ಣಾಟಕಪಕ್ಷವನ್ನು ಶಾಸನಬಲದಿಂದ ನಿಲ್ಲಿಸಿದರು. ೧೯೩೬ರಲ್ಲಿ ರಾಜ್ಯಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಡೆದು, ಧಾರವಾಡದಿಂದ ಸ್ಮಾರಕಸಂಪುಟವು ಹೊರಟಿತು.

ಈ ಪಕ್ಷಗಳ ಬಲಾಬಲಗಳನ್ನು ವಿಮರ್ಶಿಸುವಲ್ಲಿ ಮೊದಲು ಎದುರಾಗುವುದು ಮೌನದ ಪ್ರಶ್ನೆ. ಹೆರಾಸರ ಪಕ್ಷಕ್ಕೆ ದೊಡ್ಡ ಆಧಾರವೆಂದರೆ, ವಿದ್ಯಾರಣ್ಯರನ್ನು ಸ್ಥಾಪಕರೆಂದು ಹೇಳುವ ನಿಸ್ಸಂದಿಗ್ಧವಾದ ಸಮಕಾಲೀನ ಶಾಸನವಿಲ್ಲ ಎಂಬುದು. ಕಾಣದುದು ಇಲ್ಲದುದಕ್ಕೆ ಪ್ರಮಾಣವಾಗಬಲ್ಲುದೇ? ಭಾಟ್ಟಮೀಮಾಂಸಕರು ಇದಕ್ಕೆ ಅನುಪಲಬ್ಧಿಯೆಂಬ ಪ್ರಮಾಣವನ್ನೇ ಒಪ್ಪಿರುವರು. ಆದರೆ ಒಂದು ನಿಬಂಧನೆಯೊಡನೆ. ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಳದಲ್ಲಿ ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧವಾಗುವುದು. ಬೆಳಕಿರುವ ಮನೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯ ಮನೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಈ ಒರೆಗಲ್ಲಿನ ಮೇಲೆ ೧೩೪೬ರ ಶೃಂಗೇರಿಯ ಶಾಸನವು ಬೆಳಕಿರುವ ಮನೆ. ದಾತೃಗಳು ಆ ಸೋದರರೇ, ಸ್ಥಳವು ಆ ಮಠವೇ, ಕಾಲವು ಸ್ಥಾಪನೆಯಾಯಿತೆಂಬುದಕ್ಕೆ ಹತ್ತೇ ವರ್ಷ, ಸಂದರ್ಭವು ವಿಜಯೋತ್ಸವ. ಅಲ್ಲಿ ಭಾರತೀತೀರ್ಥರ ಹೆಸರಿದ್ದು ವಿದ್ಯಾರಣ್ಯರ ಹೆಸರಿಲ್ಲದಿರುವುದು ಭಾರವಾದ ಮೌನವೆಂದೇ ಒಪ್ಪಬೇಕು. ಇದಕ್ಕೆ ವ್ಯತಿರಿಕ್ತವಾಗಿ ಇಬ್ನ್ ಬತೂತನು ಕಂಪಿಲಿಯಲ್ಲಿ ಸೆರೆಸಿಕ್ಕ ಅರಸನ ಮಕ್ಕಳ ಮಾತನ್ನಾಡಿ ಹರಿಹರಬುಕ್ಕರನ್ನು ಹೆಸರಿಸದಿರುವುದು ಅಷ್ಟು ಭಾರವಾದ ಮೌನವಲ್ಲ. ಆತನು ಹೇಳಹೊರಟುದು ಅರಸುಮಕ್ಕಳ ಗತಿಯನ್ನೇ ಹೊರತು ಸೇವಕರ ಗತಿಯನ್ನಲ್ಲ. ಎರಡು ಮೌನಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವವನು ಮೋಸಹೋಗುವನು.

ಆದರೆ ಹೆರಾಸರು ಈ ಸಾಧಾರವಾದ ನೆಲೆಯಿಂದ ಮುಂದಕ್ಕೆ ಹಾರಿದ ಹಾರಿಕೆಯನ್ನು ವಿದ್ಯಾರ್ಥಿಯು ಗುರುತಿಸಬೇಕು. ಕಥೆಯು ತಡವಾಗಿ ಕಾಣಿಸಿಕೊಂಡಿತೆಂಬುದೊಂದು. ಅದನ್ನು ಇಂಥವರು ಬೇಕೆಂದೇ ಕಟ್ಟಿದರೆಂಬುದಿನ್ನೊಂದು. ಮೊದಲನೆಯದಕ್ಕೆ ಸಾಕ್ಷಿಯುಂಟು, ಎರಡನೆಯದಕ್ಕೆ ಉಳ್ಳದ್ದು ಊಹೆ. ಜನರ ಬಾಯಿಯಲ್ಲಿ ಗುರುವಿನ ಮಹಿಮೆಯು ತಾನಾಗಿಯೇ ಬೆಳೆದು ರಾಜ್ಯಸ್ಥಾಪನೆಯವರೆಗೂ ಹಬ್ಬಬಹುದು. ಅದಕ್ಕೆ ಕೂಟಲೇಖಕನು ಬೇಕಾಗಿಲ್ಲ. ಮೇಲಾಗಿ ಬಲ್ಲಾಳನೇ ಪಟ್ಟಣವನ್ನು ಕಟ್ಟಿಸಿದನೆಂಬ ಪಕ್ಷಕ್ಕೆ ಫೆರಿಸ್ತನ ವಾಕ್ಯವು ಒಂದು ಆಸರೆ. ಆ ಫೆರಿಸ್ತನು ಮಠದ ಗ್ರಂಥಗಳಿಗಿಂತಲೂ ಈಚಿನವನು. ಉತ್ತರಕಾಲೀನವೆಂಬ ಕಾರಣದಿಂದ ಒಂದನ್ನು ತಳ್ಳುವವರು ಮತ್ತೊಂದನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಡವೇ? ಅಳತೆಗೋಲು ಒಂದೇ ಆಗಿದೆಯೇ ಎಂದು ಕೇಳುವುದು ಚರಿತ್ರಕಾರರನ್ನು ಓದುವವನ ಮೊದಲನೆಯ ಕರ್ತವ್ಯ.

ವೆಂಕಟರಮಣಯ್ಯನವರ ಪಕ್ಷವನ್ನು ಕನ್ನಡಿಗರು ಲಘುವಾಗಿ ನೋಡುವಂತಿಲ್ಲ. ಬರನಿಯು ಸಮಕಾಲೀನನು. ಓರುಗಲ್ಲಿನ ಕಾಪಯನಾಯಕನ ಬಂಧುವೊಬ್ಬನನ್ನು ಸುಲ್ತಾನನು ಕಂಪಿಲಿಗೆ ಕಳುಹಿಸಿದ್ದನೆಂದೂ ಆತನು ಇಸ್ಲಾಮನ್ನು ಬಿಟ್ಟು ತಿರುಗಿಬಿದ್ದನೆಂದೂ ಆತನು ಬರೆದಿರುವನು. ಸಂಗಮಪುತ್ರರು ಪ್ರತಾಪರುದ್ರನ ಭಂಡಾರದ ಅಧಿಕಾರಿಗಳಾಗಿದ್ದು ಅನಂತರ ಸೆರೆಸಿಕ್ಕು ಬಿಡುಗಡೆ ಹೊಂದಿದರೆಂದು ಸಂಸ್ಕೃತ ಗ್ರಂಥಗಳೂ ಹೇಳುವುವು. ಎರಡನ್ನೂ ಕೂಡಿಸಿದರೆ ಒಂದು ಅಂದವಾದ ಕಥೆಯಾಗುವುದು, ಕೆ. ಎ. ನೀಲಕಂಠಶಾಸ್ತ್ರಿಗಳು ೧೯೫೫ರ ದಕ್ಷಿಣಭಾರತದ ಚರಿತ್ರೆಯಲ್ಲಿ ಹೇಳಿ, ಅನಂತರ ಪಠ್ಯಪುಸ್ತಕಗಳಲ್ಲೆಲ್ಲ ಹರಡಿದುದು ಈ ಕೂಡಿಸಿದ ಕಥೆಯೇ. ಆದರೆ ಕೂಡಿಕೆಯ ಹೊಲಿಗೆಯನ್ನು ನೋಡಬೇಕು. ಬರನಿಯಲ್ಲಿ ಮತಾಂತರದ ಮಾತುಂಟು, ಹರಿಹರಬುಕ್ಕರ ಹೆಸರಿಲ್ಲ. ಸಂಸ್ಕೃತ ಗ್ರಂಥಗಳಲ್ಲಿ ಹೆಸರುಂಟು, ಸೆರೆಯುಂಟು, ಬಿಡುಗಡೆಯುಂಟು, ಮತಾಂತರದ ಮಾತಿಲ್ಲ. ಈ ಅಂಶವನ್ನು ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರರು ೨೦೦೦ದಲ್ಲಿ ಎತ್ತಿ ತೋರಿಸಿದರು. ಎರಡು ತುಂಡುಗಳೂ ಹಳೆಯವೇ ಆಗಿರಬಹುದು. ಹೊಲಿಗೆಯು ಮಾತ್ರ ಈ ಕಾಲದ ಚರಿತ್ರಕಾರರದು.

ಸಾಲೆತೊರೆಯವರ ಪಕ್ಷಕ್ಕೆ ಬಲವು ಶಾಸನಗಳಲ್ಲಿರುವುದು. ಸಂಗಮರ ಆದಿಕಾಲದ ಅಧಿಕಾರವು ಬಾದಾಮಿ, ಶೃಂಗೇರಿ ಮೊದಲಾದ ಕನ್ನಡನೆಲದಲ್ಲಿ ಕಾಣಿಸಿಕೊಳ್ಳುವುದು. ಭಾಷೆಗೆ ತಪ್ಪುವ ರಾಯರ ಗಂಡನೆಂಬ ಅವರ ಬಿರುದು ಕನ್ನಡದ್ದು. ಇದು ಅಲ್ಲಗಳೆಯಲಾಗದ ಸಂಗತಿ. ಆದರೆ ಇದರಿಂದ ಸಿದ್ಧವಾಗುವುದೆಷ್ಟು? ಶಾಸನದ ಭಾಷೆಯು ಅದನ್ನು ನೆಟ್ಟ ಊರಿನ ಭಾಷೆಯನ್ನು ಹಿಂಬಾಲಿಸುವುದೇ ಹೊರತು ದಾತೃವಿನ ತೊಟ್ಟಿಲ ಭಾಷೆಯನ್ನಲ್ಲ. ತುಳುವವಂಶದ ಕೃಷ್ಣದೇವರಾಯನು ತೆಲುಗಿನಲ್ಲಿ ಆಮುಕ್ತಮಾಲ್ಯದವನ್ನು ಬರೆದನು. ಆತನ ಶಾಸನಗಳು ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳಲ್ಲಿರುವುವು. ಆ ಅರಸರಿಗೆ ಭಾಷೆಗಳು ಹಲವು ಪ್ರಜೆಗಳೊಡನೆ ಮಾತನಾಡುವ ಬಾಗಿಲುಗಳಾಗಿದ್ದುವು. ರಾಜ್ಯವು ಕನ್ನಡನೆಲದಲ್ಲಿ ಬೇರೂರಿ ಬೆಳೆಯಿತೆಂಬುದನ್ನು ಶಾಸನಗಳು ಸಾಧಿಸುವುವು. ಸಂಗಮನ ಮನೆಮಾತನ್ನು ಅವು ಸಾಧಿಸಲಾರವು.

ಶಾಸನವನ್ನು ಓದುವುದಕ್ಕೂ ಮೀಮಾಂಸಕರ ಒಂದು ಭೇದವು ಬಹಳ ಉಪಕಾರಿ. ವೇದವಾಕ್ಯಗಳಲ್ಲಿ ಕೆಲವು ವಿಧಿಗಳು, ಕೆಲವು ಅರ್ಥವಾದಗಳು. ವಿಧಿಯು ಮಾಡತಕ್ಕುದನ್ನು ಹೇಳುವುದು, ಅರ್ಥವಾದವು ಅದನ್ನು ಹೊಗಳುವುದು. ಶಾಸನದಲ್ಲಿಯೂ ದಾನದ ಊರು, ಎಲ್ಲೆ, ಪ್ರತಿಗ್ರಹಿ, ತಿಥಿ ಇವು ವಿಧಿಭಾಗದಂತೆ, ಬಿರುದಾವಳಿಯು ಅರ್ಥವಾದದಂತೆ. ಹರಿಹರನು ಪೂರ್ವಪಶ್ಚಿಮ ಸಮುದ್ರಾಧೀಶ್ವರನೆಂಬುದು ಸ್ತುತಿ, ಮಹಾಮಂಡಲೇಶ್ವರನೆಂಬುದು ಪದವಿ. ಇವನ್ನು ಒಂದೇ ಬಗೆಯಲ್ಲಿ ಓದಿದವರು ಒಮ್ಮೆ ಆತನನ್ನು ಚಕ್ರವರ್ತಿಯಾಗಿಯೂ ಇನ್ನೊಮ್ಮೆ ಹೊಯ್ಸಳರ ಸಾಮಂತನಾಗಿಯೂ ಮಾಡಿದರು. ಆದರೆ ಆ ಪದವಿಯನ್ನು ಸಂಗಮವಂಶದವರು ಹೊಯ್ಸಳರ ಅಳಿವಿನ ಅನಂತರವೂ ಕೆಲಕಾಲ ಬಿಡಲಿಲ್ಲವಾದುದರಿಂದ, ಪದವಿಯ ಮಾತ್ರದಿಂದ ಸಾಮಂತತನವನ್ನು ಸಾಧಿಸುವಂತಿಲ್ಲ. ಇಷ್ಟು ಚಿಕ್ಕ ಅಂಶವು ಎಷ್ಟು ದೊಡ್ಡ ವಾದವನ್ನು ತಡೆಯಬಲ್ಲುದೆಂಬುದಕ್ಕೆ ಇನ್ನೊಂದು ಉದಾಹರಣೆಯುಂಟು. ಗೋವೆಯನ್ನಾಳಿದ ಮಾಧವಮಂತ್ರಿಯನ್ನೂ ಪರಾಶರಮಾಧವೀಯದ ಕರ್ತೃವಾದ ಮಾಧವಾಚಾರ್ಯರನ್ನೂ ಒಂದು ಕಾಲದಲ್ಲಿ ಒಬ್ಬರೆಂದೇ ಎಣಿಸುತ್ತಿದ್ದರು. ಮಂತ್ರಿಯು ಆಂಗಿರಸಗೋತ್ರದವನು, ಚೌಂಡನ ಮಗ. ಆಚಾರ್ಯರು ಭಾರದ್ವಾಜಗೋತ್ರದವರು, ಮಾಯಣನ ಮಕ್ಕಳು, ಸಾಯಣರ ಅಣ್ಣ. ಗೋತ್ರವೊಂದನ್ನು ಲಕ್ಷ್ಯವಿಟ್ಟು ಓದಿದುದರಿಂದ ಇಬ್ಬರೂ ಬೇರೆಯಾದರು.

ಇನ್ನು ವಾದದ ಕಾಲವನ್ನೇ ನೋಡುವುದು ಉಚಿತ. ಚರಿತ್ರಕಾರನು ಬರೆದ ಗ್ರಂಥವು ಹಿಂದಿನ ಕಾಲಕ್ಕೆ ಮಾತ್ರವಲ್ಲ, ತನ್ನ ಕಾಲಕ್ಕೂ ಸಾಕ್ಷಿ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ೧೯೧೭ರಲ್ಲಿ ಹೊರಬಂದಿತು, ೧೯೨೦ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತಸಮಿತಿಗಳನ್ನು ಒಪ್ಪಿತು, ಆಂಧ್ರಪ್ರಾಂತದ ಬೇಡಿಕೆಯೂ ಅದೇ ಕಾಲದಲ್ಲಿ ಬಲಿಯುತ್ತಿದ್ದಿತು. ಹಂಪೆಯಿದ್ದ ಬಳ್ಳಾರಿ ಜಿಲ್ಲೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದು, ೧೯೫೩ರಲ್ಲಿ ಆಂಧ್ರರಾಜ್ಯವು ಏರ್ಪಟ್ಟಾಗ ಅದರ ಹೆಚ್ಚಿನ ಭಾಗವು ಮೈಸೂರಿಗೆ ಬಂದಿತು, ೧೯೫೬ರಲ್ಲಿ ಏಕೀಕರಣವಾಯಿತು, ೨೦೨೧ರಲ್ಲಿ ಹಂಪೆಯ ಸುತ್ತಣ ಪ್ರದೇಶಕ್ಕೆ ವಿಜಯನಗರ ಜಿಲ್ಲೆಯೆಂಬ ಹೆಸರೇ ಬಂದಿತು. ಸಂಗಮನ ಮಕ್ಕಳು ತೆಲುಗರೋ ಕನ್ನಡಿಗರೋ ಎಂಬ ಪ್ರಶ್ನೆಯು ೧೯೩೦ರ ದಶಕದಲ್ಲಿ ಅಷ್ಟು ಬಿಸಿಯಾಗಿದ್ದುದಕ್ಕೆ ಕಾರಣವು ೧೪ನೆಯ ಶತಮಾನದಲ್ಲಿ ಮಾತ್ರ ಇರಲಿಲ್ಲ.

ಹೀಗೆಂದ ಮಾತ್ರಕ್ಕೆ ಆ ವಿದ್ವಾಂಸರ ಯುಕ್ತಿಗಳು ಬಿದ್ದುಹೋದುವೆಂದು ತಿಳಿಯುವುದು ಅದಕ್ಕಿಂತಲೂ ದೊಡ್ಡ ಪ್ರಮಾದ. ನೈಯಾಯಿಕರು ಕಥೆಯನ್ನು, ಎಂದರೆ ವಾದಿಪ್ರತಿವಾದಿಗಳ ಸಂಭಾಷಣೆಯನ್ನು, ಮೂರು ಬಗೆಯಾಗಿ ವಿಂಗಡಿಸಿದರು. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆವುದು ವಾದ. ಗೆಲ್ಲುವುದಕ್ಕಾಗಿ ನಡೆವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಪರರದನ್ನು ಕೆಡಹುವುದು ವಿತಂಡೆ. ಹೆರಾಸರು ಪಾದ್ರಿಗಳು, ಆದುದರಿಂದ ಮಠವನ್ನು ನಿಂದಿಸಿದರೆನ್ನುವುದು ವಿತಂಡೆ. ಸಾಲೆತೊರೆಯವರು ಕರ್ಣಾಟಕದವರು, ಆದುದರಿಂದ ಕರ್ಣಾಟಕಪಕ್ಷವನ್ನು ಹಿಡಿದರೆನ್ನುವುದೂ ವಿತಂಡೆಯೇ. ಪ್ರಯೋಜನವನ್ನು ತೋರಿಸಿದುದರಿಂದ ಹೇತುವು ದುಷ್ಟವಾಗದು. ಹೇತುವಿನ ದೋಷವನ್ನು ಹೇತುವಿನಲ್ಲಿಯೇ ತೋರಿಸಬೇಕು. ಚರಿತ್ರಕಾರನ ಒಲವನ್ನು ತಿಳಿದುಕೊಳ್ಳುವುದರ ಉಪಯೋಗವು ಬೇರೆ: ಆತನು ಯಾವ ಸಾಕ್ಷಿಯನ್ನು ಹೆಚ್ಚು ಹೊತ್ತು ನೋಡಿರಬಹುದು, ಯಾವುದನ್ನು ಬೇಗನೆ ದಾಟಿರಬಹುದು ಎಂಬುದಕ್ಕೆ ಅದು ಸೂಚನೆ. ಆ ಎಡೆಯಲ್ಲಿ ಓದುಗನು ನಿಂತು ತಾನೇ ನೋಡಬೇಕು. ರಾಗದ್ವೇಷಗಳನ್ನು ಬಿಟ್ಟು ನ್ಯಾಯಾಧಿಪತಿಯಂತೆ ಹೇಳುವವನೇ ಶ್ಲಾಘ್ಯನೆಂದು ೧೨ನೆಯ ಶತಮಾನದ ಕಲ್ಹಣನು ರಾಜತರಂಗಿಣಿಯಲ್ಲಿ ಅಭಿಪ್ರಾಯಪಟ್ಟುದು ಬರೆಯುವವರಿಗೆ ಹೇಳಿದ ಮಾತು. ಓದುವವರಿಗೂ ಅದು ಸಲ್ಲುವುದು.

ಸ್ವಾತಂತ್ರ್ಯದ ಅನಂತರ ಈ ವಾದವು ಪಡೆದ ರೂಪವು ಇನ್ನೂ ಬೋಧಪ್ರದವಾಗಿರುವುದು. ಹರ್ಮನ್ ಕುಲ್ಕೆಯವರೆಂಬ ಜರ್ಮನ್ ವಿದ್ವಾಂಸರು ೧೯೮೫ರಲ್ಲಿ ಶೃಂಗೇರಿಯ ಪ್ರಶ್ನೆಯನ್ನು ಮತ್ತೆ ತೆಗೆದುಕೊಂಡು, ವಿದ್ಯಾರಣ್ಯರು ಸ್ಥಾಪಕರಲ್ಲವೆಂಬಲ್ಲಿ ಹೆರಾಸರೊಡನೆ ಕೂಡಿದರೂ ಅಷ್ಟಕ್ಕೆ ನಿಲ್ಲಲಿಲ್ಲ. ೧೩೭೦ರ ದಶಕದಿಂದ ೧೩೮೬ರಲ್ಲಿ ವಿದೇಹಮುಕ್ತರಾಗುವವರೆಗೆ ಆ ಯತಿಗಳಿಗೂ ಅರಮನೆಗೂ ಇದ್ದ ಸಂಬಂಧವನ್ನು ಗಣನೆಗೆ ತಂದು, ಹೊಸ ರಾಜ್ಯಕ್ಕೆ ಧರ್ಮದ ಮರ್ಯಾದೆಯೂ ಮಠಕ್ಕೆ ರಾಜಾಶ್ರಯವೂ ಹೇಗೆ ಪರಸ್ಪರವಾಗಿ ದೊರೆತುವೆಂಬುದನ್ನು ವಿಚಾರಿಸಿದರು. ಸ್ಥಾಪಿಸಿದರೋ ಇಲ್ಲವೋ ಎಂಬ ಪ್ರಶ್ನೆಯು ಹೀಗೆ, ಸ್ಥಾಪಕರೆಂಬ ಕೀರ್ತಿಯು ಅವರಿಗೇ ಏಕೆ ಬಂದಿತು ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. ಕಥೆಯು ಸುಳ್ಳೆಂದು ಬಿಸಾಡುವುದಕ್ಕಿಂತ, ಅದು ಯಾವ ಕಾಲದ ಯಾವ ಆಶೆಯ ಗುರುತೆಂದು ಕೇಳ್ವುದು ಹೆಚ್ಚು ಫಲಕಾರಿ.

ಬರ್ಟನ್ ಸ್ಟೈನರು ೧೯೮೦ ಮತ್ತು ೧೯೮೯ರ ಗ್ರಂಥಗಳಲ್ಲಿ ಇನ್ನೂ ಮುಂದೆ ಹೋಗಿ, ರಾಜ್ಯವನ್ನು ಯಾರು ಸ್ಥಾಪಿಸಿದರೆಂಬುದನ್ನು ಬಿಟ್ಟು, ಅದು ನಡೆಯುತ್ತಿದ್ದ ಬಗೆಯೇನೆಂದು ಕೇಳಿದರು. ನೀಲಕಂಠಶಾಸ್ತ್ರಿಗಳ ಕಣ್ಣಿಗೆ ಯುದ್ಧಕ್ಕಾಗಿಯೇ ಸಜ್ಜಾದ ಬಲವಾದ ರಾಜ್ಯವಾಗಿ ಕಂಡುದು, ಸ್ಟೈನರಿಗೆ ಕೇಂದ್ರದ ಆಡಳಿತಕ್ಕಿಂತ ಪೂಜ್ಯತೆಯಿಂದ ಕೂಡಿಕೊಂಡಿದ್ದ ಖಂಡಖಂಡವಾದ ರಾಜ್ಯವಾಗಿ ಕಂಡಿತು. ಈ ಮಾದರಿಯು ಪೂರ್ವ ಆಫ್ರಿಕದ ಅಲೂರ್ ಜನಾಂಗವನ್ನು ಕುರಿತು ಸೌತಾಲರು ಮಾಡಿದ ಅಧ್ಯಯನದಿಂದ ಬಂದುದು. ಇದಕ್ಕೆ ಪ್ರತಿಯಾಗಿ ಜಪಾನಿನ ನೊಬೊರು ಕರಾಷಿಮರು ತಮಿಳುನಾಡಿನ ಶಾಸನಗಳನ್ನು ಸಾಲುಸಾಲಾಗಿ ಎಣಿಸಿ ನೋಡಿ, ನಾಯಕರ ಆಳ್ವಿಕೆಯಲ್ಲಿ ಊಳಿಗಮಾನ್ಯದ ಲಕ್ಷಣಗಳನ್ನು ೧೯೯೨ರ ಗ್ರಂಥದಲ್ಲಿ ಎತ್ತಿ ತೋರಿಸಿದರು. ವ್ಯಾಗನರರು ೧೯೯೬ರ ಲೇಖನದಲ್ಲಿ, ಆಸ್ಥಾನದಲ್ಲಿ ತೊಡುತ್ತಿದ್ದ ಕಬಾಯಿ, ಕುಲ್ಲಾಯಿಗಳನ್ನೂ ‘ಹಿಂದೂರಾಯಸುರತ್ರಾಣ’ನೆಂಬ ಬಿರುದನ್ನೂ ಮುಂದಿಟ್ಟು, ಅಡ್ಡಗೋಡೆಯೆನಿಸಿದ ರಾಜ್ಯವೇ ಸುಲ್ತಾನರ ಉಡುಗೆಯನ್ನೂ ಪದವಿಯನ್ನೂ ಮೆಚ್ಚಿ ತನ್ನದಾಗಿಸಿಕೊಂಡುದನ್ನು ವಿವರಿಸಿದರು. ಸೂಯೆಲರಿಂದ ಬಂದ ಕೋಟೆಗೋಡೆಯ ಕಲ್ಪನೆಗೆ ಇದಕ್ಕಿಂತ ಸೌಮ್ಯವೂ ತೀಕ್ಷ್ಣವೂ ಆದ ಉತ್ತರವು ದೊರೆಯುವುದು ಕಷ್ಟ. ಆ ಬಿರುದು ಶಾಸನಗಳಲ್ಲಿ ಎಂದಿನಿಂದಲೋ ಕಣ್ಣಮುಂದೆಯೇ ಇದ್ದಿತು. ಪ್ರಶ್ನೆಯು ಹೊಸದಾದುದರಿಂದ ಸಾಕ್ಷಿಯು ಹೊಸದಾಯಿತು.

ಪ್ರೌಢವ್ಯಾಸಂಗಕ್ಕೆ ಸಿದ್ಧನಾಗುವ ತರುಣನು ಇದರಿಂದ ಕಲಿಯತಕ್ಕ ಕ್ರಮವು ಸ್ಪಷ್ಟವಾಗಿರುವುದು. ಮೊದಲು ಮೂಲವನ್ನು ನೋಡಬೇಕು. ಬಿ. ಎಲ್. ರೈಸರು ಪ್ರಾರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶೃಂಗೇರಿಯ ಶಾಸನಪಾಠವನ್ನು ಹುಡುಕಿ ಒಮ್ಮೆಯಾದರೂ ಸಾಲಿನಿಂದ ಸಾಲಿಗೆ ಓದಬೇಕು. ಅರ್ಥವಾಗದ ಮಾತುಗಳನ್ನು ಬರೆದಿಟ್ಟುಕೊಳ್ಳಬೇಕು. ಅನಂತರ ಚರಿತ್ರಕಾರರನ್ನು ಅವರು ಬರೆದ ಇಸವಿಯ ಕ್ರಮದಲ್ಲಿಯೇ ಓದಬೇಕು. ಕಡೆಯವರನ್ನು ಮೊದಲು ಓದಿದರೆ ಹಿಂದಿನವರು ಮೂಢರಂತೆ ತೋರುವ ಭ್ರಾಂತಿಯುಂಟಾಗುವುದು. ಒಬ್ಬೊಬ್ಬರಿಗೆ ಒಂದೊಂದು ಪುಟವನ್ನು ಮೀಸಲಿಟ್ಟು ನಾಲ್ಕು ಅಂಶಗಳನ್ನು ಬರೆಯುವುದು ಒಳ್ಳೆಯದು: ಅವರ ಪ್ರಶ್ನೆಯೇನು, ಅವರು ನಂಬಿದ ಸಾಕ್ಷಿ ಯಾವುದು, ತಳ್ಳಿದ ಸಾಕ್ಷಿ ಯಾವುದು, ಯಾವ ಹೊಸ ಸಾಕ್ಷಿಯು ದೊರೆತರೆ ಅವರ ಪಕ್ಷವು ಬೀಳುವುದು. ಕಡೆಯ ಅಂಶಕ್ಕೆ ಉತ್ತರವಿಲ್ಲದ ಪಕ್ಷವು ಚರಿತ್ರೆಯಲ್ಲ, ಬರಿಯ ಅಭಿಮಾನ. ಕೊನೆಯಲ್ಲಿ, ತನಗೆ ರುಚಿಸದ ಪಕ್ಷವನ್ನು ಒಂದು ಪುಟದಲ್ಲಿ, ಅಲ್ಲಗಳೆಯುವ ಒಂದು ಮಾತೂ ಸೇರದಂತೆ, ಬರೆದು ನೋಡಬೇಕು. ಕನ್ನಡದ ತರುಣನು ವೆಂಕಟರಮಣಯ್ಯನವರ ಪಕ್ಷವನ್ನು ಹೀಗೆ ಬರೆಯಬಲ್ಲನಾದರೆ ಆತನ ಸಿದ್ಧತೆಯು ಮುಗಿಯಿತೆಂದೇ ತಿಳಿಯಬಹುದು.

ಇಲ್ಲೊಂದು ಆಕ್ಷೇಪವು ಏಳುವುದು. ಎಳೆಯರ ತಲೆಯಲ್ಲಿ ಇಷ್ಟೊಂದು ಸಂಶಯಗಳನ್ನು ತುಂಬಿದರೆ ನಾಡಿನ ಹಿರಿಮೆಯಲ್ಲಿ ಅವರ ಶ್ರದ್ಧೆಯು ಕುಂದದೇ? ಮನೆಯ ಹಿರಿಯರ ಈ ಅಂಜಿಕೆಯು ನಿರಾಧಾರವಾದುದಲ್ಲ. ಆದರೆ ಯಾವ ಶ್ರದ್ಧೆಯು ಕುಂದುವುದೆಂಬುದನ್ನು ವಿಚಾರಿಸಬೇಕು. ಮೊಲದ ಕಥೆಯ ಮೇಲೆ ನಿಂತ ಶ್ರದ್ಧೆಯು ಮೊದಲನೆಯ ಪ್ರಶ್ನೆಗೇ ಬೀಳುವುದು. ೧೩೪೬ರಲ್ಲಿ ಅಣ್ಣತಮ್ಮಂದಿರು ಕೂಡಿ ಮಲೆಯ ಹಾದಿಯಲ್ಲಿ ಶೃಂಗೇರಿಗೆ ಬಂದು ದಾನ ಮಾಡಿದರೆಂಬುದು ಕಲ್ಲಿನಲ್ಲಿರುವ ಸಂಗತಿ. ಅದರ ಮೇಲೆ ನಿಂತ ಶ್ರದ್ಧೆಯನ್ನು ಯಾವ ಪಾದ್ರಿಯೂ ಯಾವ ಪಂಡಿತನೂ ಕದಲಿಸಲಾರನು. ವಿದ್ಯಾರಣ್ಯರು ರಾಜ್ಯವನ್ನು ಸ್ಥಾಪಿಸಲಿಲ್ಲವೆಂದು ಸಿದ್ಧವಾದರೂ ಪಂಚದಶಿಯ ಒಂದಕ್ಷರವೂ ಕಡಮೆಯಾಗದು. ಪರೀಕ್ಷೆಯಿಂದ ಕಳೆದುಹೋಗುವುದು ಪರೀಕ್ಷೆಯಿಲ್ಲದೆ ಸೇರಿಕೊಂಡುದು ಮಾತ್ರ. ಮೇಲಾಗಿ ಮನೆಯಲ್ಲಿ ಪೂರ್ವಪಕ್ಷವನ್ನು ಕೇಳದೆ ಬೆಳೆದವನು ಕಾಲೇಜಿನಲ್ಲಿ ಅದನ್ನು ಒಮ್ಮೆಗೇ, ಅದೂ ಪರರ ಬಾಯಿಂದ, ಕೇಳುವನು. ಆಗ ಉತ್ತರ ಕೊಡುವುದಕ್ಕೆ ಹಿರಿಯರು ಬಳಿಯಲ್ಲಿರುವುದಿಲ್ಲ.

ಹಾಗೆಯೇ ಈ ವಿಚಾರವು ಸಂಶಯದಲ್ಲಿಯೇ ಮುಗಿಯತಕ್ಕುದಲ್ಲ. ಅಧಿಕರಣಕ್ಕೆ ಸಿದ್ಧಾಂತವೆಂಬ ಅಂಗವುಂಟು. ಈಗ ದೊರೆತಿರುವ ಸಾಕ್ಷಿಗಳಿಂದ ಹೇಳಬಹುದಾದುದು ಇಷ್ಟು: ಸಂಗಮಪುತ್ರರ ಅಧಿಕಾರವು ೧೩೪೦ರ ಸುಮಾರಿಗೆ ಕನ್ನಡನೆಲದಲ್ಲಿ ನಿಶ್ಚಿತವಾಗಿ ಬೇರೂರಿದ್ದಿತು, ಹೊಯ್ಸಳರ ಇಳಿವಿನೊಡನೆ ಅದು ಬೆಳೆಯಿತು, ೧೩೩೬ರಲ್ಲಿ ವಿದ್ಯಾರಣ್ಯರಿಂದ ಸ್ಥಾಪನೆಯಾಯಿತೆಂಬುದಕ್ಕೆ ಸಮಕಾಲೀನವೂ ನಿಸ್ಸಂದಿಗ್ಧವೂ ಆದ ಸಾಕ್ಷಿಯಿಲ್ಲ, ಆ ಯತಿಗಳ ಪ್ರಭಾವವು ಅನಂತರದ ದಶಕಗಳಲ್ಲಿ ದೃಢವಾಗಿ ಕಾಣುವುದು, ಸೋದರರ ಪೂರ್ವಸ್ಥಾನವು ಓರುಗಲ್ಲೋ ದ್ವಾರಸಮುದ್ರವೋ ಎಂಬುದು ಇನ್ನೂ ತೆರೆದ ಪ್ರಶ್ನೆ. ಇದು ಪಠ್ಯಪುಸ್ತಕದ ವಾಕ್ಯದಷ್ಟು ಸೊಗಸಾಗಿಲ್ಲ. ಆದರೆ ಇದರ ಒಂದೊಂದು ಮಾತಿಗೂ ವಿದ್ಯಾರ್ಥಿಯು ಆಧಾರವನ್ನು ತೋರಿಸಬಲ್ಲನು, ನಾಳೆ ಹೊಸದೊಂದು ಶಾಸನವು ದೊರೆತರೆ ಯಾವ ಮಾತನ್ನು ತಿದ್ದಬೇಕೆಂಬುದನ್ನೂ ಬಲ್ಲನು.

ಕನ್ನಡದಲ್ಲಿ ಬರೆಯುವ ಚರಿತ್ರಕಾರರ ವಿಷಯದಲ್ಲಿ ಹೇಳಬೇಕಾದುದೊಂದು ಉಳಿದಿರುವುದು. ಸಿದ್ಧಾಂತವನ್ನು ಮಾತ್ರ ಹೇಳುವ ಗ್ರಂಥಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಎದುರುಪಕ್ಷವನ್ನು ಅದರ ಪೂರ್ಣಬಲದೊಡನೆ ಕನ್ನಡಿಗನ ಮುಂದಿಡುವ ಗ್ರಂಥಗಳು ಹೆಚ್ಚಬೇಕಾಗಿರುವುವು. ಮೇಲೆ ಹೇಳಿದ ಸಾಕ್ಷಿಗಳನ್ನು ಮೂಲಪಾಠ, ಅನುವಾದ, ಕಾಲನಿರ್ದೇಶಗಳೊಡನೆ ಒಂದೆಡೆ ಕೂಡಿಸಿ, ಒಂದೊಂದರ ಕೆಳಗೂ ಆಯಾ ಪಕ್ಷದವರ ಅರ್ಥವನ್ನು ಪಕ್ಷಪಾತವಿಲ್ಲದೆ ಕೊಟ್ಟ ಚಿಕ್ಕ ಪುಸ್ತಕವೊಂದು ಪದವಿಪೂರ್ವ ತರಗತಿಯನ್ನು ಮುಗಿಸಿದ ಬಾಲಕಬಾಲಿಕೆಯರ ಕೈಗೆ ಬಂದರೆ, ಅವರು ಕಾಲೇಜಿನ ಬಾಗಿಲನ್ನು ಅಂಜಿಕೆಯಿಲ್ಲದೆ ದಾಟುವರು. ತೆಲುಗಿನ ವಿದ್ವಾಂಸರೊಬ್ಬರೂ ಕನ್ನಡದ ವಿದ್ವಾಂಸರೊಬ್ಬರೂ ಕೂಡಿ ಅದನ್ನು ಸಿದ್ಧಪಡಿಸಿದರೆ ಇನ್ನೂ ಮೇಲು; ಇಬ್ಬರೂ ಒಪ್ಪಿದ ಪೂರ್ವಪಕ್ಷವೇ ನಿಜವಾದ ಪೂರ್ವಪಕ್ಷ. ಸಾಹಿತ್ಯಸಂಘಗಳೂ ಕಾಲೇಜಿನ ಚರಿತ್ರೆಯ ಅಧ್ಯಾಪಕರೂ ಈ ಕಾರ್ಯವನ್ನು ಕೈಗೊಳ್ಳುವುದು ಉಚಿತವಾಗಿರುವುದು.